ಕುಂಬಳೆಯ ಭಾಷಣ ತರಗತಿ: ಬಾಯಿಪಾಠಕ್ಕೆ ಹೋಗುವವರು ಹೋಗಬೇಡಿ

ಮೊದಲೇ ಹೇಳಿಬಿಡುತ್ತೇನೆ. ಶಾಲಾ ಮಕ್ಕಳ ಸ್ಪರ್ಧೆಯಾದ ಉಪಜಿಲ್ಲಾ ಕಲೋತ್ಸವಕ್ಕೆ ಮಗುವಿಗೆ ಒಂದು ಭಾಷಣ ಉರು ಹೊಡೆಸಿ ಎ ಗ್ರೇಡ್ ತರಿಸಬೇಕು ಅಂತಿದ್ದರೆ ಈ ತರಗತಿ ನಿಮಗೆ ಆಗುವುದಿಲ್ಲ. ದುಡ್ಡು ಉಳಿಸಿಕೊಳ್ಳಿ.

ಕಾಸರಗೋಡಿನ ಕುಂಬಳೆ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ ಈ ಟ್ಯೂಷನ್ ಸೆಂಟರ್ ಇದೆ. ಶನಿವಾರ ಮಧ್ಯಾಹ್ನ ನಿವೃತ್ತ ಮಾಸ್ಟ್ರೊಬ್ಬರು ಹೆಸರಾಂತ ರಾಜಕೀಯ ಭಾಷಣಗಳನ್ನು ಕೇಳಿಸುತ್ತಾರೆ, ಬಿಡಿಸಿ ಹೇಳುತ್ತಾರೆ, ಆಮೇಲೆ ಮಕ್ಕಳಿಂದ ಹೇಳಿಸುತ್ತಾರೆ. ತಿಂಗಳಿಗೆ 600 ರೂಪಾಯಿ. ನನ್ನದು ಬದಿಯಡ್ಕದಲ್ಲಿ ಝೆರಾಕ್ಸ್ ಮತ್ತು ಪುಸ್ತಕದ ಅಂಗಡಿ. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ನಾನೂ ಕೂರುತ್ತಿದ್ದೆ. ಹೆತ್ತವರು ಕೂರಬಹುದು, ನಡುವೆ ಬಾಯಿ ಹಾಕುವ ಹಾಗಿಲ್ಲ.

ಬ್ಯಾಚು ಶುರುವಾದದ್ದು ನೆಹರೂ ಅವರ ನಡುರಾತ್ರಿಯ ಭಾಷಣದಿಂದ. 1947ರ ಆಗಸ್ಟ್ 14ರ ರಾತ್ರಿ ಸಂವಿಧಾನ ಸಭೆಯಲ್ಲಿ ಮಾಡಿದ್ದು. 'ನಡುರಾತ್ರಿಯ ಗಂಟೆ ಹೊಡೆಯುವಾಗ, ಜಗತ್ತು ಮಲಗಿರುವಾಗ, ಭಾರತ ಬದುಕಿಗೂ ಸ್ವಾತಂತ್ರ್ಯಕ್ಕೂ ಎಚ್ಚರಗೊಳ್ಳುತ್ತದೆ' ಎನ್ನುವ ಸಾಲು ಮಕ್ಕಳಿಗೆಲ್ಲ ಗೊತ್ತಿತ್ತು. ನನ್ನ ಮಗಳು ಎದ್ದು ಇಡೀ ಮೊದಲ ಪ್ಯಾರಾ ಒಂದೇ ಉಸಿರಿಗೆ ಹೇಳಿದಳು. ಕಂಡಕ್ಟರ್ 'ಸೀತಾಂಗೋಳಿ, ನೀರ್ಚಾಲು, ಬದಿಯಡ್ಕ' ಅಂತ ಕೂಗಿದ ಹಾಗೆ. ಮಾಸ್ಟ್ರು ತಿದ್ದಲಿಲ್ಲ. 'ನೆಹರೂ ಇದನ್ನು ಹೇಳುವಾಗ ಹನ್ನೆರಡು ಹೊಡೆದಿತ್ತಾ?' ಅಂತ ಮಾತ್ರ ಕೇಳಿದರು. ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ಆಮೇಲೆ ಆ ರಾತ್ರಿಯನ್ನು ಬೋರ್ಡಿನ ಮೇಲೆ ಬರೆದರು. 11 ಗಂಟೆಗೆ ಸಭೆ ಶುರು. ಅಧ್ಯಕ್ಷರ ಕುರ್ಚಿಯಲ್ಲಿ ರಾಜೇಂದ್ರ ಪ್ರಸಾದ್. ಸುಚೇತಾ ಕೃಪಲಾನಿ ವಂದೇ ಮಾತರಂ ಹಾಡಿದರು. ಸ್ವಾತಂತ್ರ್ಯ ಹೋರಾಟದಲ್ಲಿ ಸತ್ತವರಿಗಾಗಿ ಎರಡು ನಿಮಿಷ ಮೌನ. ಸದಸ್ಯರೆಲ್ಲ ಪ್ರತಿಜ್ಞೆ ತೆಗೆದುಕೊಳ್ಳಬೇಕು ಅಂತ ಒಂದು ಠರಾವು ಮಂಡಿಸಲು ನೆಹರೂ ಎದ್ದು ನಿಂತರು. ಅದೇ ಈ ಭಾಷಣ. ಅನುಮೋದಿಸಿದವರು ಮುಸ್ಲಿಂ ಲೀಗಿನ ಚೌಧರಿ ಖಲೀಕುಜ್ಜಮಾನ್. ಆಮೇಲೆ ರಾಧಾಕೃಷ್ಣನ್ ಮಾತಾಡಿದರು. ಹನ್ನೆರಡರ ಕೊನೆಯ ಗಂಟೆ ಹೊಡೆದ ಮೇಲೆ ಪ್ರತಿಜ್ಞೆ.

ಅಂದರೆ ಆ ಸಾಲು ಹೇಳುವಾಗ ಸ್ವಾತಂತ್ರ್ಯ ಇನ್ನೂ ಬಂದಿಲ್ಲ, ಬರಲಿಕ್ಕಿದೆ. ಎದುರಿಗೆ ಕೂತವರೆಲ್ಲ ಕಾಯುತ್ತಿದ್ದಾರೆ. ಇಷ್ಟು ಗೊತ್ತಾದ ಮೇಲೆ ಮಕ್ಕಳ ದನಿ ತಾನಾಗಿ ಇಳಿಯಿತು. 'ನಿಧಾನ ಹೇಳು, ಏರಿಸು, ಇಳಿಸು' ಅಂತ ಮಾಸ್ಟ್ರು ಒಮ್ಮೆಯೂ ಹೇಳಿರಲಿಲ್ಲ. ಈ ತರಗತಿಯ ವಿಶೇಷ ಇದೇ. ದನಿಯನ್ನು ಅವರು ಕೊನೆಗೆ ಮುಟ್ಟುತ್ತಾರೆ.

ನಂತರ ಆಕಾಶವಾಣಿಯ ಧ್ವನಿಮುದ್ರಣ ಕೇಳಿಸಿದರು. ಮಕ್ಕಳಿಗೆ ನಿರಾಸೆ. 'ಇಷ್ಟೇನಾ ಸಾರ್?' ಅಂತ ಒಬ್ಬ ಹುಡುಗ ಕೇಳಿಯೇ ಬಿಟ್ಟ. ನೆಹರೂ ಅದರಲ್ಲಿ ಗುಡುಗುವುದಿಲ್ಲ. ಮೆಲುದನಿ, ಅವಸರವಿಲ್ಲದ ಮಾತು. ಯಾಕೆ ಹೀಗೆ ಅಂತ ತಿಳಿಯಲು ಮಾಸ್ಟ್ರು ಮಕ್ಕಳಿಂದ ಮೊದಲ ವಾಕ್ಯದ ಒಂದು ತುಂಡಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿಸಿದರು. ಮಾತು ಕೊಟ್ಟಿದ್ದೆವು, ಈಗ ಅದನ್ನು ತೀರಿಸುವ ಕಾಲ ಬಂದಿದೆ, 'ಪೂರ್ತಿಯಾಗಿ ಅಲ್ಲ, ಆದರೆ ಬಹುಮಟ್ಟಿಗೆ' ಅನ್ನುತ್ತಾರೆ ನೆಹರೂ. ಮಗಳು ಓಡಿಸಿಬಿಟ್ಟದ್ದು ಇದೇ ತುಂಡನ್ನು.

ಪೂರ್ತಿಯಾಗಿ ಯಾಕಲ್ಲ? ದೇಶ ಎರಡಾಗಿತ್ತು. ಪಂಜಾಬ್ ಉರಿಯುತ್ತಿತ್ತು. ಗಾಂಧೀಜಿ ದೆಹಲಿಯ ಸಂಭ್ರಮದಲ್ಲಿ ಇರಲಿಲ್ಲ, ಕಲ್ಕತ್ತಾದಲ್ಲಿ ಗಲಭೆ ತಣಿಸುತ್ತಾ ಇದ್ದರು. ರ‍್ಯಾಡ್‌ಕ್ಲಿಫ್ ಭಾರತ-ಪಾಕಿಸ್ತಾನಗಳ ನಡುವೆ ಎಳೆದ ಗಡಿ ಗೆರೆ ಎಲ್ಲಿ ಹಾದುಹೋಗುತ್ತದೆ ಅಂತ ಜನರಿಗೆ ಆ ರಾತ್ರಿ ಗೊತ್ತೇ ಇರಲಿಲ್ಲ. ಅದು ಪ್ರಕಟವಾದದ್ದು ಆಗಸ್ಟ್ 17ಕ್ಕೆ. ಎಲ್ಲೋ ಕೂತು ಗೆರೆ ಎಳೆಯುವುದು ಅಂದರೆ ಏನು ಅಂತ ಕಾಸರಗೋಡಿನ ಮಕ್ಕಳಿಗೆ ಜಾಸ್ತಿ ವಿವರಿಸಬೇಕಾಗಿಲ್ಲ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದಲ್ಲಿದ್ದು ಆಮೇಲೆ ಕೇರಳಕ್ಕೆ ಸೇರಿದ ತಾಲೂಕು ನಮ್ಮದು. ಆದರೆ ಪಂಜಾಬಿನಲ್ಲಿ ಹರಿದ ರಕ್ತದ ಪಕ್ಕ ನಮ್ಮ ಕಥೆಯನ್ನು ಇಡಬಾರದು. ಮಾಸ್ಟ್ರು ಇಡಲಿಲ್ಲ, ಅದು ನನಗೆ ಹಿಡಿಸಿತು.

ಕಣ್ಣೀರಿನ ಸಾಲಿನ ಹತ್ತಿರವೂ ಒಂದು ಒಳ್ಳೆಯ ಪಾಠ ಆಯಿತು. ಪ್ರತಿಯೊಂದು ಕಣ್ಣಿನ ಪ್ರತಿಯೊಂದು ಹನಿಯನ್ನೂ ಒರೆಸುವುದು ನಮ್ಮ ತಲೆಮಾರಿನ ಅತಿ ದೊಡ್ಡ ಮನುಷ್ಯನ ಆಸೆ ಅನ್ನುತ್ತಾರೆ ನೆಹರೂ. ಗಾಂಧೀಜಿಯ ಹೆಸರು ಹೇಳುವುದಿಲ್ಲ. ಒಬ್ಬ ಹುಡುಗ ಇಲ್ಲಿ ಗಂಟಲು ಕಟ್ಟಿಸಿಕೊಂಡು ಅಳುವ ದನಿ ತಂದ. ಮಾಸ್ಟ್ರು ಕೈ ಎತ್ತಿದರು. 'ಮಗಾ, ಮುಂದಿನ ವಾಕ್ಯ ಓದು.' ಅದು ನಮ್ಮ ಕೈಗೆ ಮೀರಿದ್ದಾಗಿರಬಹುದು, ಆದರೆ ಕಣ್ಣೀರು ಇರುವ ತನಕ ನಮ್ಮ ಕೆಲಸ ಮುಗಿಯುವುದಿಲ್ಲ ಅಂತ ಇದೆ ಅಲ್ಲಿ. 'ಈತ ಅಳುತ್ತಾ ಇದ್ದಾನಾ? ಕೆಲಸದ ಪಟ್ಟಿ ಕೊಡುತ್ತಾ ಇದ್ದಾನಾ?' ಹುಡುಗ ಮತ್ತೆ ಹೇಳಿದ. ಈ ಸಲ ಕೇಳುವ ಹಾಗಿತ್ತು.

ಒಬ್ಬಳು ಚೂಟಿ ಹುಡುಗಿ, ಆಗ ಲಂಡನ್ನಿನಲ್ಲಿ ಸಂಜೆ, ಅಮೆರಿಕದಲ್ಲಿ ಹಗಲು, ಜಗತ್ತು ಎಲ್ಲಿ ಮಲಗಿತ್ತು ಅಂತ ಕೇಳಿದಳು. ಆ ಸಾಲು ಗಡಿಯಾರ ನೋಡಿ ಬರೆದದ್ದಲ್ಲ ಅಂತ ಮಾಸ್ಟ್ರು ನಕ್ಕು ಮುಂದೆ ಹೋದರು. ನನಗೇನೋ ಆ ಹುಡುಗಿಯೇ ಸರಿ ಅನಿಸಿತು. ಇಡೀ ಭಾಷಣದಲ್ಲಿ ಬಣ್ಣ ಸ್ವಲ್ಪ ಜಾಸ್ತಿಯಾದ ಸಾಲು ಅದೊಂದೇ, ಜನ ನೆನಪಿಟ್ಟದ್ದೂ ಅದನ್ನೇ.

ಎರಡನೆಯದು ಮಾರ್ಟಿನ್ ಲೂಥರ್ ಕಿಂಗ್. 1963ರ ಆಗಸ್ಟ್ 28, ವಾಷಿಂಗ್ಟನ್, ಹಿಂದೆ ಲಿಂಕನ್ನರ ಸ್ಮಾರಕ, ಮುಂದೆ ಸುಮಾರು ಎರಡೂವರೆ ಲಕ್ಷ ಜನ. ಎಲ್ಲರೂ 'ನನಗೊಂದು ಕನಸಿದೆ' ಎನ್ನುವ ಭಾಗಕ್ಕೇ ಹಾರುತ್ತಾರೆ. ಮಾಸ್ಟ್ರು ಹಿಡಿದದ್ದು ಮೊದಲಿನ ಚೆಕ್ಕಿನ ಮಾತನ್ನು. ಅಮೆರಿಕ ತನ್ನ ಎಲ್ಲ ಪ್ರಜೆಗಳಿಗೂ ಬರೆದುಕೊಟ್ಟ ವಾಗ್ದಾನ ಪತ್ರ ಒಂದಿದೆ, ಕಪ್ಪು ಜನರು ಅದನ್ನು ತಂದರೆ ಖಾತೆಯಲ್ಲಿ ಹಣವಿಲ್ಲ ಅಂತ ವಾಪಸ್ ಬರುತ್ತಿದೆ, ನ್ಯಾಯದ ಬ್ಯಾಂಕು ದಿವಾಳಿಯಾಗಿದೆ ಅಂತ ನಾವು ನಂಬುವುದಿಲ್ಲ ಅನ್ನುತ್ತಾರೆ ಕಿಂಗ್. ಅಂಗಡಿ ಇಟ್ಟವನಿಗೆ ಇದಕ್ಕೆ ಟಿಪ್ಪಣಿ ಬೇಡ. ಬೌನ್ಸ್ ಆದ ಚೆಕ್ ಕೈಯಲ್ಲಿ ಹಿಡಿದವನು ಕೂಗುವುದಿಲ್ಲ, ಲೆಕ್ಕ ಕೇಳುತ್ತಾನೆ. ಕಿಂಗ್ ಅಲ್ಲಿ ಕಾಗದ ನೋಡಿಕೊಂಡು ತೂಗಿ ಮಾತಾಡುತ್ತಾರೆ. ಕನಸಿನ ಭಾಗ ಆ ಕಾಗದದಲ್ಲಿ ಇರಲಿಲ್ಲ. ವೇದಿಕೆಯ ಹತ್ತಿರ ಇದ್ದ ಗಾಯಕಿ ಮಹಾಲಿಯಾ ಜಾಕ್ಸನ್ 'ಕನಸಿನ ಬಗ್ಗೆ ಹೇಳು' ಅಂತ ಕೂಗಿದರು ಎಂದು ಅಲ್ಲಿದ್ದವರು ಹೇಳಿದ್ದಾರೆ. ಅಲ್ಲಿಂದ ಮುಂದೆ ಮಾತು ಪಾದ್ರಿಯ ಪ್ರವಚನದ ಲಯಕ್ಕೆ ಏರುತ್ತದೆ. ಎರಡೂ ಭಾಗವನ್ನು ಬೆನ್ನಿಗೆ ಬೆನ್ನು ಕೇಳಿಸಿದಾಗ ಆ ಬದಲಾವಣೆ ಮಕ್ಕಳಿಗೆ ತಾವಾಗಿ ಗೊತ್ತಾಯಿತು.

ಇನ್ನು ದೂರುಗಳು. ಕೈಗೆ ಕೊಟ್ಟ ಹಾಳೆಗಳು ಝೆರಾಕ್ಸಿನ ಝೆರಾಕ್ಸು. ಅಂಚಿನ ಅಕ್ಷರಗಳೇ ಇಲ್ಲ. ನನ್ನ ಕಸುಬಿನವನಿಗೆ ಇದನ್ನು ಸಹಿಸುವುದು ಕಷ್ಟ. ಕೋಣೆ ಚಿಕ್ಕದು, ಫ್ಯಾನು ಇದೆ, ಗಾಳಿ ಇಲ್ಲ. ಪಾಠ ಕನ್ನಡದಲ್ಲಿ ನಡೆದರೂ ವಾಟ್ಸಾಪ್ ಗುಂಪಿನಲ್ಲಿ ಸೂಚನೆ ಬರುವುದು ಮಲಯಾಳದಲ್ಲಿ ಮಾತ್ರ. ಓದಲು ಬಾರದ ತಾಯಂದಿರು ಇದ್ದಾರೆ, ಕೆಳಗೆ ಎರಡು ಸಾಲು ಕನ್ನಡ ಹಾಕಿದರೆ ಏನು ನಷ್ಟ? ಮಾತಾಡುವ ಮಕ್ಕಳಿಗೇ ಮತ್ತೆ ಮತ್ತೆ ಅವಕಾಶ ಸಿಗುತ್ತದೆ. ಗೋಡೆ ಬದಿಯ ಒಬ್ಬಳು ಪಾಪ, ನೆಹರೂ ಮುಗಿಯುವವರೆಗೂ ಬಾಯಿ ತೆರೆಯಲಿಲ್ಲ.

ನನಗೆ ಜಾಸ್ತಿ ಬೇಸರ ಆದದ್ದು ಅಂಬೇಡ್ಕರ್ ಅವರ 1949ರ ನವೆಂಬರ್ 25ರ ಭಾಷಣಕ್ಕೆ ಅರ್ಧ ತರಗತಿ ಮಾತ್ರ ಕೊಟ್ಟದ್ದು. ಮರುದಿನ ಸಂವಿಧಾನ ಅಂಗೀಕಾರ. ಹೊಗಳಿಕೆ ಸ್ವೀಕರಿಸಿ ಕೂರಬೇಕಾದವರು ಎಚ್ಚರಿಕೆ ಕೊಡುತ್ತಾರೆ. ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿ ಇರಬಹುದು, ರಾಜಕೀಯದಲ್ಲಿ ಅದು ಸರ್ವಾಧಿಕಾರಕ್ಕೆ ದಾರಿ ಅನ್ನುತ್ತಾರೆ. ಕೂಗಲು ಜಾಗವೇ ಇಲ್ಲದ ಭಾಷಣ ಅದು, ಪೂರಾ ವಾದ. ಹೇಳಲು ಬಲು ಕಷ್ಟ, ಅದಕ್ಕೇ ಸಮಯ ಬೇಕಿತ್ತು.

ಕೈ ಆಡಿಸಲೇಬಾರದು ಅನ್ನುವ ಅವರ ಹಟವನ್ನೂ ನಾನು ಒಪ್ಪುವುದಿಲ್ಲ. ತಾಳಮದ್ದಳೆಯಲ್ಲಿ ಶೇಣಿಯವರ ಅರ್ಥ ಕೇಳಿ ಬೆಳೆದವರು ನಾವು. ಮಾತು ಒಳಗಿನಿಂದ ಬಂದರೆ ಕೈ ಸುಮ್ನೆ ಇರುವುದಿಲ್ಲ, ಅಲ್ವಾ? ಹೊರಡುವಾಗ ಮಾಸ್ಟ್ರ ಹತ್ತಿರ ಇದನ್ನು ಹೇಳಿದೆ. 'ಮಾತು ಬರಲಿ, ಆಮೇಲೆ ಕೈ ಬರಲಿ' ಅಂದರು. ಸರಿ, ಒಂಬತ್ತನೇ ಕ್ಲಾಸಿನವರಿಗೆ ಅಷ್ಟು ಸಾಕೇನೋ.

ಪಟ್ಟಿಯಲ್ಲಿ ಕನ್ನಡದ ಭಾಷಣ ಒಂದೂ ಇಲ್ಲ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಶಾಸನಸಭೆಯ ಮಾತುಗಳನ್ನು ಮುಂದಿನ ಬ್ಯಾಚಿಗೆ ಸೇರಿಸಿ ಅಂತ ಕೇಳಿದ್ದೇನೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬಾಳಿದ ಊರಿನ ಮಕ್ಕಳು ಕನ್ನಡದಲ್ಲಿ ವಾದಿಸುವುದನ್ನೂ ಕಲಿಯಬೇಕಲ್ಲ. ಎಂಟನೇ ಕ್ಲಾಸಿನ ಮೇಲಿನವರನ್ನು ಕಳಿಸಿ, ಅದಕ್ಕಿಂತ ಚಿಕ್ಕವರು ತೂಕಡಿಸುತ್ತಾರೆ. ಪೆನ್ಸಿಲು, ನೀರಿನ ಬಾಟಲಿ ಜೊತೆಗಿರಲಿ. ಮೊದಲ ಶನಿವಾರ ಫೀಸಿಲ್ಲದೆ ಕೂರಲು ಬಿಡುತ್ತಾರೆ.