ಮಂಡಿ ನೋವಿಗೆ ಅಸೆಕ್ಲೋಫೆನಾಕ್-ಪ್ಯಾರಾಸಿಟಮಾಲ್ ಮಾತ್ರೆ: ಆರು ವರ್ಷ ಬಳಸಿದವಳ ಅನುಭವ

ನಾನು ಹಾಸನದವಳು, ವಯಸ್ಸು 57. ಮೂವತ್ತು ವರ್ಷದಿಂದ ಹೊಲಿಗೆ ಕೆಲಸ, ಅದರಲ್ಲಿ ಹೆಚ್ಚು ಕಾಲ ಕಾಲಿನಲ್ಲಿ ತುಳಿಯುವ ಮಿಷನ್ನು. ಎರಡೂ ಮಂಡಿ ಸವೆದಿದೆ ಎಂದು ಎಕ್ಸ್‌ರೇಯಲ್ಲಿ ಗೊತ್ತಾಗಿ ಆರು ವರ್ಷ ಆಯಿತು. ಅವತ್ತು ಡಾಕ್ಟರು ಬರೆದುಕೊಟ್ಟಿದ್ದು ಇದೇ ಮಾತ್ರೆ: ಅಸೆಕ್ಲೋಫೆನಾಕ್ 100 ಮಿ.ಗ್ರಾಂ., ಪ್ಯಾರಾಸಿಟಮಾಲ್ 325 ಮಿ.ಗ್ರಾಂ. ಝೆರೋಡಾಲ್-ಪಿ, ಹೈಫೆನಾಕ್-ಪಿ ಅಂತ ಹತ್ತಾರು ಹೆಸರಲ್ಲಿ ಸಿಗುತ್ತದೆ. ಹೆಸರು ಬೇರೆ, ಒಳಗಿರುವುದು ಒಂದೇ. ನಾನು ಸಿಕ್ಕಿದ ಕಂಪನಿಯದನ್ನೆಲ್ಲ ತೆಗೆದುಕೊಂಡಿದ್ದೇನೆ, ಜನೌಷಧಿ ಕೇಂದ್ರದ್ದನ್ನೂ ತೆಗೆದುಕೊಂಡಿದ್ದೇನೆ. ಕೆಲಸ ಮಾಡುವುದರಲ್ಲಿ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಈ ಮಾತ್ರೆ ನಿಜವಾಗಲೂ ನೋವು ಇಳಿಸುತ್ತದೆ. ತಿಂಡಿ ತಿಂದು ನುಂಗಿದರೆ ಸುಮಾರು ಒಂದು ಗಂಟೆಯಲ್ಲಿ ಮಂಡಿ ಸಡಿಲ ಆಗುತ್ತದೆ, ನೆಲದಿಂದ ಗೋಡೆ ಹಿಡಿಯದೆ ಏಳಬಹುದು. ನೋವಿನಲ್ಲಿ ನಿದ್ದೆ ಇಲ್ಲದೆ ಹೊರಳಾಡಿದವರಿಗೆ ಅದು ಎಷ್ಟು ದೊಡ್ಡದು ಅಂತ ಗೊತ್ತು. ಆದರೆ ಸವೆದ ಮಂಡಿಯನ್ನು ಇದು ಸರಿ ಮಾಡುವುದಿಲ್ಲ, ನೋವನ್ನು ಮಾತ್ರ ತಗ್ಗಿಸುತ್ತದೆ. ನನಗೆ ಇದು ಅರ್ಥ ಆಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು.

ಡಾಕ್ಟರು ಬರೆದಿದ್ದು ಐದು ದಿನಕ್ಕೆ, ದಿನಕ್ಕೆ ಎರಡು. ನಾನು ಆ ಚೀಟಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ವರ್ಷಗಟ್ಟಲೆ ಅದನ್ನೇ ತೋರಿಸಿ ಮಾತ್ರೆ ತಂದೆ. ಆಮೇಲಾಮೇಲೆ ಅಂಗಡಿಯವರು ಚೀಟಿಯನ್ನೂ ಕೇಳುತ್ತಿರಲಿಲ್ಲ, ಮುಖ ನೋಡಿದರೆ ಸಾಕು, ಶೀಟು ಕೈಗೆ ಬರುತ್ತಿತ್ತು. ಶೀಟಿನ ಹಿಂದೆ ಕೆಂಪು ಗೆರೆ ಇರುತ್ತದೆ ಅಲ್ವಾ, ಅದರ ಅರ್ಥ ವೈದ್ಯರ ಚೀಟಿ ಇಲ್ಲದೆ ಕೊಡಬಾರದು ಎಂದು. ಅಷ್ಟು ದಿನ ನೋಡಿದ್ದರೂ ನಾನು ಅದನ್ನು ಡಿಸೈನ್ ಎಂದೇ ಅಂದುಕೊಂಡಿದ್ದೆ.

ಮೂರು ವರ್ಷದ ಹಿಂದೆ ಗೌರಿ ಹಬ್ಬದ ಮುಂಚೆ ಆದದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹಬ್ಬ ಅಂದರೆ ನಮಗೆ ರವಿಕೆಗಳ ರಾಶಿ. ರಾತ್ರಿ ಹನ್ನೊಂದರವರೆಗೆ ಮಿಷನ್ ಮುಂದೆ ಕೂತಿರುತ್ತಿದ್ದೆ, ಹಾಗಾಗಿ ಒಂದು ತಿಂಗಳಿಂದ ದಿನಕ್ಕೆ ಎರಡು ಮಾತ್ರೆ ತಪ್ಪಿರಲಿಲ್ಲ. ಆಗ ಜ್ವರ, ನೆಗಡಿ ಬಂತು. ಜ್ವರಕ್ಕೆ 650ರ ಪ್ಯಾರಾಸಿಟಮಾಲ್ ದಿನಕ್ಕೆ ಮೂರು. ನೆಗಡಿಗೆ ಇನ್ನೊಂದು ಮಾತ್ರೆ, ಅದೂ ಮೂರು ಹೊತ್ತು. ಅಣ್ಣನ ಮಗಳು ಬಿ.ಫಾರ್ಮ ಓದುತ್ತಿದ್ದಳು, ನೋಡಲು ಬಂದವಳು ಶೀಟುಗಳನ್ನೆಲ್ಲ ಮಂಚದ ಮೇಲೆ ಹರಡಿ, "ಅತ್ತೆ, ಇದರ ಹಿಂದೆ ಏನು ಬರೆದಿದೆ ಓದಿದ್ದೀರಾ?" ಎಂದು ಕೇಳಿದಳು. ಓದಿರಲಿಲ್ಲ. ನನ್ನ ಅಳತೆ ಪುಸ್ತಕದ ಕೊನೆ ಹಾಳೆಯಲ್ಲಿ ಅವಳೇ ಲೆಕ್ಕ ಬರೆದಳು. ಮಂಡಿಯ ಮಾತ್ರೆಯಲ್ಲಿ 325, ಎರಡಕ್ಕೆ 650. ಜ್ವರದ್ದು ಮೂರಕ್ಕೆ 1950. ನೆಗಡಿ ಮಾತ್ರೆಯಲ್ಲೂ 500 ಪ್ಯಾರಾಸಿಟಮಾಲ್ ಇತ್ತು, ಮೂರಕ್ಕೆ 1500. ಒಟ್ಟು 4100. ದೊಡ್ಡವರಿಗೆ ಇಡೀ ದಿನಕ್ಕೆ 4000 ಮಿ.ಗ್ರಾಂ. ದಾಟಲೇಬಾರದು, ದಾಟಿದರೆ ಲಿವರ್‌ಗೆ ಅಪಾಯ. ವಯಸ್ಸಾದವರಿಗೆ, ಲಿವರ್ ತೊಂದರೆ ಇರುವವರಿಗೆ, ಕುಡಿಯುವ ಅಭ್ಯಾಸ ಇರುವವರಿಗೆ ಡಾಕ್ಟರು ಅದಕ್ಕಿಂತ ಕಡಿಮೆಯೇ ಹೇಳುತ್ತಾರೆ. ನಾನು ಮೂರು ಕಾಯಿಲೆಗೆ ಮೂರು ಔಷಧಿ ಎಂದುಕೊಂಡು ಒಂದೇ ಔಷಧಿಯನ್ನು ಮೂರು ಕಡೆಯಿಂದ ನುಂಗುತ್ತಿದ್ದೆ.

ಲಿವರ್‌ಗೆ ಏನೂ ಆಗಿರಲಿಲ್ಲ, ದೇವರು ದೊಡ್ಡವನು. ಆದರೆ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.7 ಬಂತು, ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಅಂಶ ಅದು. ಪಾದ ಊದಿತ್ತು, ನಿಂತು ನಿಂತು ಊದಿದೆ ಎಂದು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಆಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಬಿ.ಪಿ.ಗೆ ಯಾವ ಮಾತ್ರೆ ಅಂತ. ನನ್ನದು ಟೆಲ್ಮಿಸಾರ್ಟಾನ್ ಜೊತೆ ಹೈಡ್ರೋಕ್ಲೋರೋಥಯಾಜೈಡ್ ಇರುವುದು, ಅಂದರೆ ಮೂತ್ರ ಜಾಸ್ತಿ ಹೋಗುವಂತೆ ಮಾಡುವ ಮಾತ್ರೆಯೂ ಸೇರಿದೆ. ಅವರು ತುಂಬಾ ಸರಳವಾಗಿ ವಿವರಿಸಿದರು. ನೋವಿನ ಮಾತ್ರೆ ಕಿಡ್ನಿಗೆ ರಕ್ತ ತರುವ ನಾಳವನ್ನು ಬಿಗಿ ಮಾಡುತ್ತದೆ, ಟೆಲ್ಮಿಸಾರ್ಟಾನ್ ರಕ್ತ ಹೊರಗೆ ಹೋಗುವ ನಾಳವನ್ನು ಸಡಿಲ ಮಾಡುತ್ತದೆ, ಇನ್ನೊಂದು ಮೈಯಲ್ಲಿರುವ ನೀರನ್ನು ಕಡಿಮೆ ಮಾಡುತ್ತದೆ. ಮೂರೂ ಸೇರಿದರೆ ಕಿಡ್ನಿಯಲ್ಲಿ ಸೋಸುವುದಕ್ಕೆ ಬೇಕಾದ ಒತ್ತಡವೇ ಇರುವುದಿಲ್ಲ. ಅದರ ಮೇಲೆ ಜ್ವರ, ಸರಿಯಾಗಿ ನೀರು ಕುಡಿದಿಲ್ಲ. ನೋವಿನ ಮಾತ್ರೆ ಪೂರ್ತಿ ನಿಲ್ಲಿಸಿದರು, ಮೂರು ವಾರದಲ್ಲಿ ಕ್ರಿಯಾಟಿನಿನ್ 0.9ಕ್ಕೆ ಇಳಿಯಿತು. ಎಲ್ಲರಿಗೂ ಹೀಗೆ ಇಳಿಯುತ್ತದೆ ಎಂದು ಹೇಳುವ ಹಾಗಿಲ್ಲ.

ಅಷ್ಟು ವರ್ಷ ನನ್ನ ಧೈರ್ಯ ಏನಿತ್ತು ಅಂದರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ ತೆಗೆದುಕೊಳ್ಳುತ್ತೇನಲ್ಲ, ಇನ್ನೇನು ಭಯ ಅಂತ. ಪ್ಯಾಂಟೊಪ್ರಜೋಲ್ ಹೊಟ್ಟೆಯ ಹುಣ್ಣಿನಿಂದ ಕಾಪಾಡಬಹುದು, ಕಿಡ್ನಿಗೂ ಬಿ.ಪಿ.ಗೂ ಅದರಿಂದ ಏನೂ ರಕ್ಷಣೆ ಇಲ್ಲ. ನೋವಿನ ಮಾತ್ರೆಯಿಂದ ಬಿ.ಪಿ. ಏರುತ್ತದೆ ಎಂಬುದೂ ನನಗೆ ಆಗಲೇ ಗೊತ್ತಾಗಿದ್ದು.

ಈಗ ಹೇಗೆ ಬಳಸುತ್ತೇನೆ ಎಂದು ಕೇಳುತ್ತೀರಿ. ಡಾಕ್ಟರನ್ನು ಕೇಳಿಯೇ. ಬಿ.ಪಿ. ಮಾತ್ರೆ ಬದಲಾಯಿಸಿದ್ದಾರೆ. ನೋವು ಕೆರಳಿದಾಗ ಮೂರು ದಿನ, ಹೆಚ್ಚೆಂದರೆ ಐದು ದಿನ, ತಿಂದ ಮೇಲೆ. ಅಸೆಕ್ಲೋಫೆನಾಕ್ ದಿನಕ್ಕೆ 200 ಮಿ.ಗ್ರಾಂ. ದಾಟಬಾರದು, ಅಂದರೆ ಎರಡು ಮಾತ್ರೆ, ನೋವು ಜಾಸ್ತಿ ಎಂದು ಮೂರನೆಯದು ಇಲ್ಲ. ಶೀಟು ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯುತ್ತೇನೆ. ವಾಂತಿ ಭೇದಿ ಆದ ದಿನ ಮುಟ್ಟುವುದಿಲ್ಲ. ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ಪರೀಕ್ಷೆ. ಉಳಿದ ದಿನ ಡೈಕ್ಲೋಫೆನಾಕ್ ಜೆಲ್ ಹಚ್ಚುತ್ತೇನೆ. ಮಂಡಿಯಂಥ, ಚರ್ಮಕ್ಕೆ ಹತ್ತಿರ ಇರುವ ಕೀಲಿಗೆ ಅದು ಸಾಕಷ್ಟು ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎನಿಸುತ್ತದೆ.

ಇನ್ನೂ ಎರಡು ಕೆಲಸ ಮಾಡಿದೆ. ಮಿಷನ್ನಿಗೆ ಮೋಟಾರ್ ಹಾಕಿಸಿದೆ. ಕುರ್ಚಿಯಲ್ಲಿ ಕೂತು ಕಾಲು ನೀಟಾಗಿ ಮುಂದಕ್ಕೆ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು ಇಳಿಸುವ ವ್ಯಾಯಾಮ, ಬೆಳಿಗ್ಗೆ ಸಂಜೆ. ಮೊದಲ ತಿಂಗಳು ಸುಮ್ನೆ ಟೈಮ್ ವೇಸ್ಟ್ ಅನಿಸಿತು. ಮೂರನೇ ತಿಂಗಳಲ್ಲಿ ಮೆಟ್ಟಿಲು ಹತ್ತುವಾಗ ತೊಡೆಗೆ ಬಲ ಬಂದಿದ್ದು ಗೊತ್ತಾಯಿತು. ಕಳೆದ ವರ್ಷ ಇಡೀ ವರ್ಷಕ್ಕೆ ನಾಲ್ಕು ಶೀಟು ಖರ್ಚಾಗಿದೆ, ಮುಂಚೆ ತಿಂಗಳಿಗೇ ಆರು ಬೇಕಿತ್ತು.

ಹೆಸರಿನ ಕೊನೆಗೆ "ಪಿ" ಬದಲು "ಎಸ್‌ಪಿ" ಎಂದು ಬರುವ ಮಾತ್ರೆಯಲ್ಲಿ ಸೆರಾಶಿಯೋಪೆಪ್ಟಿಡೇಸ್ ಎಂಬ ಮೂರನೆಯದು ಸೇರಿರುತ್ತದೆ, ಊತಕ್ಕೆ ಅಂತ. ಅದರ ಮೂಲ ಜಪಾನ್. ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ ಎಂದು ಅಲ್ಲಿನ ಕಂಪನಿಯೇ 2011ರಲ್ಲಿ ವಾಪಸ್ ತೆಗೆದುಕೊಂಡಿತು. ನಾನು ಅದಕ್ಕೆ ಜಾಸ್ತಿ ದುಡ್ಡು ಕೊಡುವುದನ್ನು ಬಿಟ್ಟೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 156 ಕಾಂಬಿನೇಶನ್ ಔಷಧಿಗಳನ್ನು ನಿಷೇಧಿಸಿದಾಗ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗಾಬರಿ. ಆ ಪಟ್ಟಿಯಲ್ಲಿದ್ದದ್ದು ಅಸೆಕ್ಲೋಫೆನಾಕ್ 50, ಪ್ಯಾರಾಸಿಟಮಾಲ್ 125 ಇರುವ ಮಾತ್ರೆ, ನಾನು ತೆಗೆದುಕೊಳ್ಳುವ 100-325 ಅಲ್ಲ.

ಮಳೆಗಾಲದಲ್ಲಿ ಜ್ವರ ಬಂದರೆ ಇದನ್ನಾಗಲಿ, ಐಬುಪ್ರೊಫೆನ್ ಇರುವ ಕಾಂಬಿಫ್ಲಾಮ್ ಥರದ್ದನ್ನಾಗಲಿ ದಯವಿಟ್ಟು ನುಂಗಬೇಡಿ. ಡೆಂಗಿ ಆಗಿದ್ದರೆ ರಕ್ತಸ್ರಾವಕ್ಕೆ ದಾರಿ ಆಗುತ್ತದೆ, ಡೆಂಗಿ ಅಲ್ಲ ಎಂದು ಖಾತ್ರಿ ಆಗುವವರೆಗೆ ಬರೀ ಪ್ಯಾರಾಸಿಟಮಾಲ್ ಸಾಕು. ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವವರು, ಹಿಂದೆ ಹೊಟ್ಟೆ ಹುಣ್ಣು ಆಗಿದ್ದವರು, ಕಿಡ್ನಿ ತೊಂದರೆ ಇರುವವರು ಒಂದು ಮಾತ್ರೆಗೂ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಮಲ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋದರೆ ನಾಳೆ ನೋಡೋಣ ಎನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಅಂಗಡಿಯಲ್ಲಿ ನಾಲ್ಕು ಮಾತ್ರೆ ಕೇಳಿದರೆ ಶೀಟನ್ನು ಕತ್ತರಿಸಿ ಕೊಡುತ್ತಾರೆ. ಎಷ್ಟೋ ಸಲ ಔಷಧಿಯ ಹೆಸರು, ಎಕ್ಸ್‌ಪೈರಿ ತಾರೀಖು ಇರುವ ತುದಿ ಅವರ ಡಬ್ಬಿಯಲ್ಲೇ ಉಳಿಯುತ್ತದೆ. ನಾನು ಈಗ ಇಡೀ ಶೀಟು ಕೇಳುತ್ತೇನೆ. ಅವರು ಕೊಡದಿದ್ದರೆ ಒಳಗೆ ಏನೇನು ಎಷ್ಟೆಷ್ಟು ಮಿ.ಗ್ರಾಂ. ಇದೆ ಎಂದು ಕವರಿನ ಮೇಲೆ ಬರೆಸಿಕೊಂಡೇ ಬರುತ್ತೇನೆ.