ಪಕ್ಕದ ಹಳೆಯ ಮನೆ ಕೆಡವುವ ಮೊದಲೇ ನಿಮ್ಮ ಗೋಡೆಗಳ ಫೋಟೊ ತೆಗೆದಿಟ್ಟುಕೊಳ್ಳಿ

ಮೊದಲು ಸೂಚನೆ ಕೊಟ್ಟದ್ದು ಮಲಗುವ ಕೋಣೆಯ ಬಾಗಿಲು. ವರ್ಷಗಟ್ಟಲೆ ಒಂದು ಬೆರಳಲ್ಲಿ ತಳ್ಳಿದರೆ ಮುಚ್ಚಿಕೊಳ್ಳುತ್ತಿದ್ದ ಆ ಬಾಗಿಲು ಒಂದು ಬೆಳಿಗ್ಗೆ ಮೇಲಿನ ಮೂಲೆಯಲ್ಲಿ ಕಚ್ಚಿಕೊಂಡು ನಿಂತಿತು. ಮಳೆಗೆ ಮರ ಉಬ್ಬಿರಬೇಕೆಂದು ಬಡಗಿಯನ್ನು ಕರೆಸಿ ಅಂಚು ಹೆರೆಸಿದೆವು. ಎರಡೇ ವಾರದಲ್ಲಿ ಮತ್ತೆ ಕಚ್ಚಿಕೊಂಡಿತು. ಆಗ ತಲೆಯೆತ್ತಿ ನೋಡಿದೆ. ಬಾಗಿಲ ಚೌಕಟ್ಟಿನ ಮೂಲೆಯಿಂದ ಹೊರಟ ಬಿರುಕೊಂದು ಇಟ್ಟಿಗೆಯ ಸಂದುಗಳನ್ನೇ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ, ಓರೆಯಾಗಿ ಚಾವಣಿಯವರೆಗೂ ಏರಿತ್ತು.

ಅಷ್ಟರಲ್ಲಿ ಪಕ್ಕದ ಹಳೆಯ ಮನೆ ನೆಲಸಮವಾಗಿ, ಆ ಜಾಗದಲ್ಲಿ ಸುಮಾರು 4 ಮೀಟರ್ ಆಳದ ಗುಂಡಿ ತೆರೆದುಕೊಂಡಿತ್ತು. ನೆಲಮಾಳಿಗೆಯಲ್ಲಿ ವಾಹನ ನಿಲ್ಲಿಸುವ ಜಾಗ, ಅದರ ಮೇಲೆ ನಾಲ್ಕು ಮಹಡಿ ಎಂಬ ಯೋಜನೆ. ಕೆಲಸ ಶುರುವಾಗುವ ಮೊದಲು ಗುತ್ತಿಗೆದಾರ ಮನೆಗೇ ಬಂದು, "ನಿಮ್ಮ ಗೋಡೆಗೆ ಕೂದಲಷ್ಟೂ ಧಕ್ಕೆ ಆಗುವುದಿಲ್ಲ, ಒಂದು ವೇಳೆ ಆದರೆ ನಾನೇ ಸರಿಮಾಡಿಸಿಕೊಡುತ್ತೇನೆ" ಎಂದಿದ್ದ. ಅಕ್ಕಪಕ್ಕದವರ ನಡುವೆ ಕಾಗದಪತ್ರ ಯಾಕೆ ಎಂದುಕೊಂಡು ನಾವೂ ಸುಮ್ಮನಾದೆವು. ಇಡೀ ತೊಂದರೆಯ ಬೇರು ಇರುವುದು ಅಲ್ಲಿಯೇ.

ಬಿರುಕು ತೋರಿಸಿದಾಗ ಅದೇ ಮನುಷ್ಯ ಕೇಳಿದ್ದು ಒಂದೇ ಮಾತು: "ಇದು ಮೊದಲು ಇರಲಿಲ್ಲ ಎನ್ನುವುದಕ್ಕೆ ಏನು ದಾಖಲೆ ಇದೆ?" ನಮ್ಮ ಬಳಿ ಏನೂ ಇರಲಿಲ್ಲ. ಆಲ್ಬಮ್‌ಗಳನ್ನೆಲ್ಲ ಜಾಲಾಡಿದೆ. ಇದ್ದವೆಲ್ಲ ಮನುಷ್ಯರ ಫೋಟೊಗಳು. ಗೋಡೆಯ ಫೋಟೊ ತೆಗೆಯುವವರು ಯಾರಿದ್ದಾರೆ? ಒಂದೇ ಒಂದು ಚಿತ್ರದಲ್ಲಿ ಆ ಬಾಗಿಲ ಮೂಲೆ ಕಾಣುತ್ತಿತ್ತು, ಅದೂ ಮಸುಕಾಗಿ.

ಹಳೆಯ ಬಡಾವಣೆಗಳಲ್ಲಿ ಹೀಗೇಕೆ ಆಗುತ್ತದೆ ಎನ್ನುವುದನ್ನು ನನಗೆ ಬಿಡಿಸಿ ಹೇಳಿದವರು ನಂತರ ಬಂದ ಸ್ಟ್ರಕ್ಚರಲ್ ಎಂಜಿನಿಯರ್. ನಮ್ಮಂತಹ ಮನೆಗಳಲ್ಲಿ ಕಂಬಗಳಿಲ್ಲ, ಗೋಡೆಗಳೇ ಭಾರ ಹೊರುತ್ತವೆ. ಪಾಯ ಬಹಳ ಸಲ ಒಂದು ಮೀಟರಿನ ಆಸುಪಾಸಿನಲ್ಲೇ ಮುಗಿದುಹೋಗಿರುತ್ತದೆ. ಆ ಪಾಯ ನಿಂತಿರುವುದು ಕೆಳಗಿನ ಮಣ್ಣಿನ ಬಲದಿಂದ ಮಾತ್ರವಲ್ಲ, ಪಕ್ಕದ ಮಣ್ಣಿನ ಒತ್ತಾಸೆಯಿಂದಲೂ. ನಮ್ಮ ಪಾಯದ ತಳದಿಂದ 45 ಡಿಗ್ರಿ ಓರೆಯಲ್ಲಿ ಕೆಳಕ್ಕೆ ಒಂದು ಗೆರೆ ಎಳೆದರೆ, ಪಕ್ಕದ ಗುಂಡಿ ಆ ಗೆರೆಯನ್ನು ಕತ್ತರಿಸಿತೆಂದರೆ ಅಪಾಯ ಎಂದು ಅವರು ಚೀಟಿಯ ಮೇಲೆ ಬರೆದು ತೋರಿಸಿದರು. ಪಕ್ಕದ ಗುಂಡಿ ಆ ಗೆರೆಯನ್ನು ಎಂದೋ ದಾಟಿಹೋಗಿತ್ತು. ಅಂಚಿಗೆ ಉಕ್ಕಿನ ಹಲಗೆಗಳನ್ನೋ ಕಾಂಕ್ರೀಟ್ ಪೈಲ್‌ಗಳನ್ನೋ (ನೆಲದಾಳಕ್ಕೆ ಇಳಿಸುವ ಕಂಬಗಳು) ಇಳಿಸಿ ಮಣ್ಣನ್ನು ತಡೆಹಿಡಿದ ಮೇಲೆಯೇ ಅಗೆಯಬೇಕಿತ್ತು. ಗುತ್ತಿಗೆದಾರನ ಕಡೆಯವರು ಯಂತ್ರ ತಂದು ಮೂರು ದಿನದಲ್ಲಿ ನೇರವಾಗಿ ಕೆಳಕ್ಕೆ ತೋಡಿದ್ದರು.

ಗುಂಡಿಯಲ್ಲಿ ನೀರು ಒಸರಿದ್ದರಿಂದ ಹಗಲೂ ರಾತ್ರಿ ಪಂಪು ಓಡುತ್ತಿತ್ತು. ನಮಗೆ ಅದರ ಸದ್ದಷ್ಟೇ ತೊಂದರೆ ಎನಿಸಿತ್ತು. ಆದರೆ ಜೇಡಿಮಣ್ಣಿನ ನೆಲದಲ್ಲಿ ಹೀಗೆ ನೀರನ್ನು ಹೊರಗೆಳೆದರೆ ಸುತ್ತಲಿನ ಮಣ್ಣು ನಿಧಾನವಾಗಿ ಕುಗ್ಗುತ್ತದೆ. ಪಂಪು ನಿಂತು ತಿಂಗಳುಗಳಾದ ಮೇಲೂ ಮನೆ ಕೂರುತ್ತಲೇ ಇರಬಹುದು. ಈ ಸಂಗತಿ ಮೊದಲೇ ಗೊತ್ತಿದ್ದರೆ ನಾನು ಮುಂದಿನ ತಪ್ಪು ಮಾಡುತ್ತಿರಲಿಲ್ಲ.

ಆ ತಪ್ಪನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ನಾವು ಗಟ್ಟಿಯಾಗಿ ಕೇಳಿದ ಮೇಲೆ ಗುತ್ತಿಗೆದಾರ ಇಬ್ಬರು ಮೇಸ್ತ್ರಿಗಳನ್ನು ಕಳಿಸಿದ. ಅವರು ಬಿರುಕಿಗೆ ಸಿಮೆಂಟು ತುಂಬಿ, ಮೇಲೆ ಬಣ್ಣ ಬಳಿದು, ಗೋಡೆಯನ್ನು ಹೊಸದರಂತೆ ಮಾಡಿಕೊಟ್ಟರು. ಕೊನೆಯಲ್ಲಿ ಒಂದು ಕಾಗದ ಬಂತು: "ಆದ ಹಾನಿಯನ್ನೆಲ್ಲ ದುರಸ್ತಿ ಮಾಡಿಕೊಡಲಾಗಿದೆ, ಇನ್ನು ಯಾವ ತಕರಾರೂ ಇಲ್ಲ." ಜಗಳ ಮುಗಿದರೆ ಸಾಕು ಎಂದು ಸಹಿ ಹಾಕಿದೆ. ಮುಂದಿನ ಮಳೆಗಾಲಕ್ಕೆ ಅದೇ ಬಿರುಕು ಅದೇ ದಾರಿಯಲ್ಲಿ, ಇನ್ನಷ್ಟು ಅಗಲವಾಗಿ ಬಾಯಿಬಿಟ್ಟಿತು. ಸಾಲದೆಂಬಂತೆ, ಸುಣ್ಣದ ಗಾರೆಯ ಗೋಡೆಗೆ ಗಟ್ಟಿ ಸಿಮೆಂಟು ಮೆತ್ತಿದ್ದರಿಂದ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗಿಲಾವು ಹೊಪ್ಪಳೆ ಎದ್ದಿತು. ಕೇಳಲು ಹೋದರೆ ನನ್ನದೇ ಸಹಿಯನ್ನು ನನಗೇ ತೋರಿಸಿದರು.

ದಯವಿಟ್ಟು ಅಂತಹ ಕಾಗದಕ್ಕೆ ಸಹಿ ಹಾಕಬೇಡಿ. ಅಗೆತ ಮುಗಿದು, ಹೊಸ ಕಟ್ಟಡದ ಭಾರವೆಲ್ಲ ನೆಲಕ್ಕೆ ಇಳಿದು, ಕನಿಷ್ಠ ಒಂದು ಮಳೆಗಾಲವಾದರೂ ಕಳೆಯುವ ತನಕ ಹಾನಿ ಮುಗಿಯಿತೆಂದು ಒಪ್ಪಿಕೊಳ್ಳಬೇಡಿ. ಮಧ್ಯದಲ್ಲಿ ದುರಸ್ತಿ ಮಾಡಿಸಿಕೊಳ್ಳಲೇಬೇಕಾದರೆ ಅದು ತಾತ್ಕಾಲಿಕ ಎಂದು ಬರೆಸಿಕೊಳ್ಳಿ.

ಇನ್ನು ಫೋಟೊದ ವಿಷಯ. ಪಕ್ಕದ ಮನೆಗೆ ತಗಡಿನ ಬೇಲಿ ಬಿದ್ದ ದಿನವೇ ಶುರು ಮಾಡಿ. ಪ್ರತಿ ಕೋಣೆಯ ನಾಲ್ಕೂ ಗೋಡೆ, ಚಾವಣಿ, ನೆಲ, ಬಾಗಿಲು ಕಿಟಕಿಗಳ ಮೂಲೆಗಳು, ಹೊರಗಿನ ಕಾಂಪೌಂಡ್, ಚರಂಡಿ, ನೀರಿನ ತೊಟ್ಟಿ. ಈಗಾಗಲೇ ಇರುವ ಬಿರುಕುಗಳನ್ನು ಮುಚ್ಚಿಡದೆ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಚಿತ್ರ ತೆಗೆಯಿರಿ. ಇದ್ದದ್ದನ್ನು ಒಪ್ಪಿಕೊಂಡರೆ ಇಲ್ಲದ್ದರ ಬಗ್ಗೆ ನಿಮ್ಮ ಮಾತಿಗೆ ಬೆಲೆ ಬರುತ್ತದೆ. ಕಟ್ಟಿಸುವವರ ಕಡೆಯವರಲ್ಲದ ಎಂಜಿನಿಯರ್ ಒಬ್ಬರಿಂದ ಮನೆಯ ಸ್ಥಿತಿಯ ವರದಿ ಬರೆಸಿ, ಅದಕ್ಕೆ ಎರಡೂ ಕಡೆಯವರ ಸಹಿ ಹಾಕಿಸಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಕಾಯ್ದೆಯೊಂದಿದೆ: ನೆರೆಯ ಕಟ್ಟಡದಿಂದ 3 ಮೀಟರಿನೊಳಗೆ ಅದರ ಪಾಯಕ್ಕಿಂತ ಆಳಕ್ಕೆ ಅಗೆಯುವುದಾದರೆ ಕನಿಷ್ಠ ಒಂದು ತಿಂಗಳು ಮೊದಲೇ ಲಿಖಿತ ನೋಟಿಸ್ ಕೊಡಲೇಬೇಕು. ನಿಮ್ಮಲ್ಲಿ ಅಂತಹ ಕಾನೂನು ಇರಲಿ ಬಿಡಲಿ, ಅಗೆತದ ಆಳ, ಮಣ್ಣು ತಡೆಯುವ ವಿನ್ಯಾಸ, ನೆರೆಯವರ ಹಾನಿಯನ್ನು ಭರಿಸುವ ವಿಮೆಯ ಪ್ರತಿ ಮತ್ತು ಅದು ಮುಗಿಯುವ ದಿನಾಂಕ, ಇಷ್ಟನ್ನು ಬರವಣಿಗೆಯಲ್ಲೇ ಕೇಳಿ. ಕೇಳಿದ್ದಕ್ಕೆ ಉತ್ತರ ಬಾರದಿದ್ದರೂ, ನೀವು ಕೇಳಿದ್ದ ಪತ್ರ ಮುಂದೆ ಕೆಲಸಕ್ಕೆ ಬರುತ್ತದೆ.

ಕೆಡವುವ ರೀತಿಯನ್ನೂ ವಿಚಾರಿಸಿ. ದೊಡ್ಡ ಯಂತ್ರದ ಸುತ್ತಿಗೆ ಬಡಿಯುವಾಗ ನಮ್ಮ ಕಪಾಟಿನ ಗಾಜುಗಳು ಗಲಗಲ ಎನ್ನುತ್ತಿದ್ದವು. ಕಡಿಮೆ ಆವರ್ತನದ ಕಂಪನದಲ್ಲಿ ಕಟ್ಟಡ ಅಲುಗುವ ವೇಗಕ್ಕೆ ಜರ್ಮನಿಯ ಮಾನದಂಡ ಹಾಕಿರುವ ಗಡಿ ವಾಸದ ಮನೆಗಳಿಗೆ ಸೆಕೆಂಡಿಗೆ 5 ಮಿಲಿಮೀಟರ್, ಸೂಕ್ಷ್ಮವಾದ ಪಾರಂಪರಿಕ ಕಟ್ಟಡಗಳಿಗೆ 3. ಇದನ್ನು ಅಳೆಯುವ ಉಪಕರಣ ಇದೆ, ಇಡಿಸಲು ಕೇಳಬಹುದು. ನಿಮ್ಮ ಗೋಡೆಗೆ ತಾಗಿಕೊಂಡಿರುವ ಭಾಗವನ್ನಾದರೂ ಕೈಯಿಂದಲೇ ಬಿಚ್ಚಿಸಿ. ನಮ್ಮಲ್ಲಿ ಹಾಗೆ ಮಾಡಲಿಲ್ಲ. ಜೊತೆಗೆ, ಎರಡು ಮನೆಗಳ ನಡುವೆ ಅಷ್ಟು ವರ್ಷ ಮರೆಯಾಗಿದ್ದ ನಮ್ಮ ಗೋಡೆ ಗಿಲಾವೇ ಇಲ್ಲದೆ ಮಳೆಗಾಳಿಗೆ ತೆರೆದುಕೊಂಡಿತು. ಮೊದಲ ಜಡಿಮಳೆಗೇ ಒಳಗಿನ ಬಟ್ಟೆಯ ಕಪಾಟಿನ ಹಿಂಬದಿ ನೆನೆದುಹೋಯಿತು. ಆ ಗೋಡೆಗೆ ಹೊದಿಕೆ ಹಾಕುವವರು ಯಾರು ಎಂಬುದೂ ಮೊದಲೇ ತೀರ್ಮಾನವಾಗಬೇಕು.

ಕೆಡವುವ ಮನೆಯಲ್ಲಿ ಹಳೆಯ ಸಿಮೆಂಟ್ ಶೀಟುಗಳಿದ್ದರೆ ಅವುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅವುಗಳನ್ನು ಒಡೆಯದೆ, ಒದ್ದೆ ಮಾಡಿ, ಇಡಿಯಾಗಿ ಇಳಿಸಬೇಕು. ಒಡೆದಾಗ ಏಳುವ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶ ಸೇರಿದರೆ ಕಾಯಿಲೆ ತಲೆಯೆತ್ತುವುದು ದಶಕಗಳ ನಂತರ. ಈ ಒಂದು ವಿಷಯದಲ್ಲಿ ಮುಲಾಜು ನೋಡದೆ ಕೆಲಸ ನಿಲ್ಲಿಸಿ ಎಂದು ಹೇಳಿ. ಅಲ್ಲಿ ದುಡಿಯುವ ಕಾರ್ಮಿಕರ ಜೀವವೂ ಅದರಲ್ಲಿದೆ.

ನಮ್ಮ ಬಿರುಕಿನ ಮೇಲೆ ಈಗ ಎಂಜಿನಿಯರ್ ಎರಡು ಕಡೆ ತೆಳುಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲೇ ಪೆನ್ಸಿಲಿನಿಂದ ದಿನಾಂಕ ಬರೆದಿದ್ದಾರೆ. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಮೇಲಿನ ಪಟ್ಟಿ ಹನ್ನೊಂದನೆಯ ದಿನ ಸೀಳಿತು. ಕೆಳಗಿನದು ಇನ್ನೂ ಇಡಿಯಾಗಿದೆ. ಬೆಳಿಗ್ಗೆ ಎದ್ದವರು ಮೊದಲು ಅದನ್ನೇ ನೋಡುತ್ತೇವೆ.

ಕಳೆದ ವಾರ ಎದುರು ಸಾಲಿನ ಹಳೆಯ ಮನೆಯೊಂದರ ಸುತ್ತ ತಗಡಿನ ಬೇಲಿ ಎದ್ದಿತು. ಅದರ ಪಕ್ಕದ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ. ಅಂದು ಸಂಜೆಯೇ ಹೋಗಿ ಅವರ ಬಾಗಿಲು ತಟ್ಟಿದೆ. ಅವರು ಟಾರ್ಚ್ ಹಿಡಿದರು, ನಾನು ಮೊಬೈಲಿನಲ್ಲಿ ಗೋಡೆ ಗೋಡೆಯ ಚಿತ್ರ ತೆಗೆದೆ. ಮೊದಲ ಕೋಣೆಯಲ್ಲೇ ಮೂರು ಹಳೆಯ ಬಿರುಕುಗಳು ಸಿಕ್ಕವು. ಅಷ್ಟು ವರ್ಷ ಆ ಮನೆಯಲ್ಲೇ ಇದ್ದರೂ ಅವರು ಒಂದನ್ನೂ ಗಮನಿಸಿರಲಿಲ್ಲ. ಇನ್ನೂ ಎರಡು ಕೋಣೆ ಬಾಕಿ ಇವೆ. ನಾಳೆ ಬೆಳಕಿರುವಾಗಲೇ ಹೋಗಿ ಮುಗಿಸುತ್ತೇವೆ.