ಜಂಬಿಟ್ಟಿಗೆ ಗೋಡೆಯ ಮನೆಯಲ್ಲಿ ಮೆಶ್ ವೈಫೈ, ಹನ್ನೊಂದು ಸ್ಮಾರ್ಟ್ ಬಲ್ಬು: ಎರಡು ವರ್ಷದ ಬಳಕೆಯ ನಂತರ

ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಮ್ಮ ಮಲಗುವ ಕೋಣೆಯಿಂದ ಬಚ್ಚಲುಮನೆಗೆ ಹೋಗಬೇಕೆಂದರೆ ನಡುಮನೆ, ಅಡುಗೆಮನೆ ದಾಟಿ, ಎರಡು ಮೆಟ್ಟಿಲು ಇಳಿದು, ಸೌದೆ ರಾಶಿಯ ಪಕ್ಕದ ಓಣಿಯಲ್ಲಿ ನಡೆಯಬೇಕು. ಎಪ್ಪತ್ತೆಂಟು ವರ್ಷದ ಅಮ್ಮ ರಾತ್ರಿ ಎರಡು ಸಲವಾದರೂ ಈ ದಾರಿ ನಡೆಯುತ್ತಾಳೆ. ಒಂದು ಮಳೆಗಾಲದಲ್ಲಿ ಆ ಮೆಟ್ಟಿಲಿನ ಮೇಲೆ ಜಾರಿ ಮೊಣಕೈ ಪೆಟ್ಟು ಮಾಡಿಕೊಂಡಳು. ವೈಫೈಗೆ ಜೋಡಿಸಿ ಮೊಬೈಲಿನ ಆ್ಯಪ್‌ನಿಂದ ನಡೆಸುವ ಸ್ಮಾರ್ಟ್ ಬಲ್ಬು ನಮ್ಮ ಮನೆಗೆ ಬಂದದ್ದು ಆ ಕಾರಣಕ್ಕೆ. ಬಣ್ಣ ಬದಲಿಸುವ ಆಸೆ ಯಾರಿಗೂ ಇರಲಿಲ್ಲ. ರಾತ್ರಿ ಹತ್ತರಿಂದ ಬೆಳಗಿನ ಐದೂವರೆಯವರೆಗೆ ಆ ದಾರಿಯುದ್ದಕ್ಕೂ ಮಂದವಾದ ಹಳದಿ ಬೆಳಕು ತಾನಾಗಿ ಇರಬೇಕು, ಅಷ್ಟೇ.

ಮೊದಲು ತಂದದ್ದು ಒಂಬತ್ತು ವ್ಯಾಟಿನ ನಾಲ್ಕು ಬಲ್ಬು. ಹಳೆಯ ಒಂಟಿ ರೂಟರಿಗೆ ಸಲೀಸಾಗಿ ಜೋಡಣೆಯಾದವು. ಆದರೆ ಓಣಿಯ ಬಲ್ಬಿಗೆ ಸಿಗ್ನಲ್ ಸಾಲದೆ ದಿನ ಬಿಟ್ಟು ದಿನ ಸಂಪರ್ಕ ತಪ್ಪುತ್ತಿತ್ತು. ನಮ್ಮದು ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆ, ಅದರ ಮೇಲೆ ಮಳೆಗಾಲದ ತೇವ. ಹಾಗಾಗಿ ಮೂರು ಘಟಕಗಳು ಸೇರಿ ಮನೆಗೆಲ್ಲ ಒಂದೇ ವೈಫೈ ಹರಡುವ, ಎರಡು ಬ್ಯಾಂಡಿನ (ಅಂದರೆ ಎರಡು ತರಂಗ ಪಟ್ಟಿಗಳ) ಮೆಶ್ ವೈಫೈ ತಂದು ಹಾಕಿದೆ. ಹೊಸ ಸಾಧನ ಎಂದು ಹೊಸ ಹೆಸರು, ಹೊಸ ಪಾಸ್‌ವರ್ಡ್ ಕೊಟ್ಟೆ. ನಾಲ್ಕೂ ಬಲ್ಬು ಆ್ಯಪ್‌ನಿಂದ ಮಾಯವಾದವು. ಮತ್ತೆ ಜೋಡಿಸಲು ಕೂತರೆ ಸಂಜೆ ಆರರಿಂದ ಒಂಬತ್ತೂವರೆಯವರೆಗೆ ಒಂದು ಬಲ್ಬೂ ಒಳಗೆ ಬರಲಿಲ್ಲ. ಬಲ್ಬು ಟಪಟಪನೆ ಮಿಣುಕುತ್ತದೆ, ಆ್ಯಪ್‌ನ ವೃತ್ತ ತಿರುಗುತ್ತದೆ, ನೂರಕ್ಕೆ ತೊಂಬತ್ತು ತಲುಪಿ ಸೋಲುತ್ತದೆ. ಇಂಥ ಬಲ್ಬು ಕೊಂಡ ಹಲವರು ಎಡವುವುದು ಇಲ್ಲಿಯೇ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಬಲ್ಬುಗಳೊಳಗಿನ ವೈಫೈ ಚಿಪ್ಪು ಅಗ್ಗದ್ದು. ಅದು 2.4 ಗಿಗಾಹರ್ಟ್ಸ್ ಬ್ಯಾಂಡನ್ನು ಮಾತ್ರ ಬಲ್ಲದು. ಬಲ್ಬಿನ ಕೆಲಸಕ್ಕೆ ಅದೇ ಸರಿ, ಏಕೆಂದರೆ 2.4ರ ಅಲೆ ಗೋಡೆಗಳನ್ನು 5 ಗಿಗಾಹರ್ಟ್ಸಿನ ಅಲೆಗಿಂತ ಚೆನ್ನಾಗಿ ದಾಟುತ್ತದೆ. ಮೆಶ್ ಎರಡೂ ಬ್ಯಾಂಡುಗಳನ್ನು ಒಂದೇ ಹೆಸರಿನಲ್ಲಿ ಕೊಡುತ್ತದೆ ಮತ್ತು ಮೊಬೈಲನ್ನು ವೇಗದ 5ರ ಕಡೆಗೆ ತಳ್ಳುತ್ತದೆ. ಇನ್ನು ಬಲ್ಬಿಗೆ ಪಾಸ್‌ವರ್ಡ್ ತಲುಪುವ ಬಗೆ ನೋಡಿ. ನಮ್ಮ ಮೊದಲ ಬಲ್ಬುಗಳಂಥವುಗಳಲ್ಲಿ ಮೊಬೈಲು ಗಾಳಿಯಲ್ಲಿ ಒಂದರ ಹಿಂದೆ ಒಂದು ಸಣ್ಣ ಸಣ್ಣ ಸಂದೇಶಗಳನ್ನು ಬಿಡುತ್ತದೆ. ಬಲ್ಬು ಇನ್ನೂ ಹೊರಗಿನದ್ದಾದ್ದರಿಂದ ಅವುಗಳ ಒಳಗನ್ನು ಓದಲಾರದು, ಉದ್ದವನ್ನು ಮಾತ್ರ ಅಳೆಯಬಲ್ಲದು. ಆ ಉದ್ದಗಳಲ್ಲಿಯೇ ವೈಫೈ ಹೆಸರೂ ಪಾಸ್‌ವರ್ಡೂ ಅಡಗಿರುತ್ತವೆ. ಗೋಡೆಯಾಚೆ ಇರುವವರಿಗೆ ಬೆರಳಿನಿಂದ ಬಡಿದು ಸಂಜ್ಞೆ ಮಾಡಿದ ಹಾಗೆ. ಮೊಬೈಲು 5ರಲ್ಲಿ ನಿಂತು ಬಡಿಯುತ್ತಿದ್ದರೆ 2.4ರಲ್ಲಿ ಕಿವಿಯಿಟ್ಟ ಬಲ್ಬಿಗೆ ಅದು ಕೇಳಿಸುವುದೇ ಇಲ್ಲ.

ಇದು ತಿಳಿದ ದಿನ ಜಗುಲಿಯ ಮುಖ್ಯ ಘಟಕವೊಂದನ್ನು ಬಿಟ್ಟು ಉಳಿದೆರಡನ್ನು ಬಂದ್ ಮಾಡಿದೆ. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಹೋಲ್ಡರ್ ಸಿಕ್ಕಿಸಿ, ಬಲ್ಬು ಹಾಕಿಕೊಂಡು ಅಂಗಳದಾಚೆಯ ಕೊಟ್ಟಿಗೆಗೆ ಹೋದೆ. ಅಲ್ಲಿ 5ರ ಸಿಗ್ನಲ್ ಬತ್ತಿಹೋಗಿ ಮೊಬೈಲು 2.4ಕ್ಕೆ ಇಳಿಯಿತು. ಹಟ್ಟಿಯ ಗೂಟಕ್ಕೆ ಬೋರ್ಡ್ ತೂಗುಹಾಕಿ ಆ್ಯಪ್ ಒತ್ತಿದರೆ, ಮಿಣುಕುತ್ತಿದ್ದ ಬಲ್ಬು ನಲವತ್ತು ಸೆಕೆಂಡಿನಲ್ಲಿ ಎರಡು ಸಲ ನಿಧಾನವಾಗಿ ಉಸಿರಾಡಿದಂತೆ ಬೆಳಗಿ ಸ್ಥಿರವಾಯಿತು. ಆ ಬೆಳಕಿಗೆ ಗೌರಿ ಕರು ಕತ್ತೆತ್ತಿ ನೋಡಿತು. ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಆದರೆ ಪ್ರತಿ ಬಲ್ಬಿಗೂ ಕೊಟ್ಟಿಗೆಗೆ ನಡೆಯುವುದು ಪರಿಹಾರವಾಗಲಾರದು. ಸರಿಯಾದ ದಾರಿ ಮೆಶ್‌ನ ಆ್ಯಪ್‌ನಲ್ಲಿಯೇ ಇತ್ತು: 2.4 ಮಾತ್ರ ಇರುವ ಎರಡನೆಯ ನೆಟ್‌ವರ್ಕ್ ತೆರೆಯುವುದು. ಕೆಲವು ಕಂಪನಿಗಳು ಇದನ್ನು ಐಒಟಿ (ಇಂಟರ್ನೆಟ್‌ಗೆ ಜೋಡಿಸುವ ಬಲ್ಬಿನಂಥ ಸಾಧನಗಳ) ನೆಟ್‌ವರ್ಕ್ ಎನ್ನುತ್ತವೆ. ನಾನು ಅದಕ್ಕೆ ಹಳೆಯ ರೂಟರಿನ ಹೆಸರನ್ನೂ ಪಾಸ್‌ವರ್ಡನ್ನೂ ಅಕ್ಷರ ತಪ್ಪದಂತೆ ಕೊಟ್ಟೆ. ಎರಡು ನಿಮಿಷವಾಗಿರಬಹುದು, ಉಳಿದ ಮೂರು ಬಲ್ಬುಗಳು ಯಾರೂ ಮುಟ್ಟದೆಯೇ ಒಂದೊಂದಾಗಿ ಆ್ಯಪ್‌ಗೆ ಮರಳಿದವು. ಬಲ್ಬು ನೆನಪಿಡುವುದು ಹೆಸರು ಮತ್ತು ಪಾಸ್‌ವರ್ಡನ್ನು, ಪೆಟ್ಟಿಗೆಯನ್ನಲ್ಲ. ರೂಟರ್ ಬದಲಿಸುವವರು ಇದೊಂದನ್ನು ಮೊದಲೇ ತಿಳಿದಿದ್ದರೆ ಏಣಿ ಹತ್ತುವ ಕೆಲಸವೇ ತಪ್ಪುತ್ತದೆ. ಜೋಡಣೆಯಾದ ಮೇಲೆ ಮೊಬೈಲು ಯಾವ ಬ್ಯಾಂಡಿನಲ್ಲಿದ್ದರೂ ಅಡ್ಡಿಯಿಲ್ಲ.

ಇಲ್ಲಿ ಎರಡು ಎಚ್ಚರಿಕೆ. ನಂತರ ತಂದ ಬಲ್ಬುಗಳಲ್ಲಿ ಎರಡು, ವೈಫೈ ಸುರಕ್ಷತೆಯ ಆಯ್ಕೆ ಹೊಸ ಬಗೆಯ ಡಬ್ಲ್ಯುಪಿಎ3 ಇರುವವರೆಗೆ ಒಳಗೆ ಬರಲೇ ಇಲ್ಲ. ಬಲ್ಬಿನ ನೆಟ್‌ವರ್ಕಿಗೆ ಅದಕ್ಕಿಂತ ಹಳೆಯ ಡಬ್ಲ್ಯುಪಿಎ2 ಇಟ್ಟ ಮೇಲೆ ಬಂದವು. ಮುಖ್ಯ ನೆಟ್‌ವರ್ಕಿಗೆ ಡಬ್ಲ್ಯುಪಿಎ3 ಇರಲಿ, ಅದನ್ನು ಇಳಿಸಬೇಡಿ. ಇನ್ನೊಂದು, ಅತಿಥಿಗಳ ನೆಟ್‌ವರ್ಕಿಗೆ ಬಲ್ಬು ಹಾಕಿದರೆ ಅದು ಮನೆಯ ಉಳಿದ ಸಾಧನಗಳಿಂದ ಬೇರೆಯಾಗಿಯೇ ಉಳಿಯುವುದು ರೂಢಿ. ಆಗ ಪಕ್ಕದ ಕೋಣೆಯಿಂದ ಕೊಟ್ಟ ಆಜ್ಞೆಯೂ ಇಂಟರ್ನೆಟ್ ಸುತ್ತಿಕೊಂಡು ಬರಬೇಕಾಗುತ್ತದೆ.

ಮೆಶ್ ಘಟಕಗಳನ್ನು ಇಡುವ ಜಾಗದ ಬಗ್ಗೆ ನಾನು ಮಾಡಿದ ತಪ್ಪನ್ನೂ ಹೇಳಬೇಕು. ನಡುಮನೆಯ ಘಟಕವನ್ನು ಮೊದಲು ಕಬ್ಬಿಣದ ಬೀರುವಿನ ಮೇಲೆ, ಆಮೇಲೆ ಗೋಡೆಯ ಗೂಡಿನಲ್ಲಿ ಇಟ್ಟಿದ್ದೆ. ಬೀರು ಅಲೆಯನ್ನು ತಿರುಗಿಸುತ್ತಿತ್ತು, ಗೂಡು ಮೂರು ಕಡೆಯಿಂದ ನುಂಗುತ್ತಿತ್ತು. ಈಗ ಅದು ಮರದ ತೊಲೆಯ ಮೇಲೆ, ಎರಡೂ ಬಾಗಿಲುಗಳಿಗೆ ನೇರವಾಗಿ ಕೂತಿದೆ. ಎರಡು ಬ್ಯಾಂಡಿನ ಮೆಶ್‌ನಲ್ಲಿ ಘಟಕಗಳು ತಮ್ಮೊಳಗೆ ಮಾತಾಡುವುದೂ ನಾವು ಬಳಸುವ ಬ್ಯಾಂಡಿನಲ್ಲಿಯೇ. ದಪ್ಪ ಗೋಡೆ ಅಡ್ಡ ಬಂದರೆ ವೇಗ ಕುಸಿಯುತ್ತದೆ. ಬಲ್ಬಿಗೆ ಬೇಕಾದ ಡೇಟಾ ಅತ್ಯಲ್ಪ, ಅದಕ್ಕೆ ತೊಂದರೆಯಿಲ್ಲ. ಆದರೆ ಅಮೆರಿಕದಲ್ಲಿರುವ ತಂಗಿಯ ವಿಡಿಯೊ ಕರೆ ಒಡೆಯುತ್ತಿದ್ದುದರಿಂದ, ಜಗುಲಿಯಿಂದ ನಡುಮನೆಗೆ ಮಾಡಿನ ಪಕಾಸಿಯ ಗುಂಟ ಲ್ಯಾನ್ ಕೇಬಲ್ ಎಳೆದೆ. ಅಂದಿನಿಂದ ಆ ತಕರಾರಿಲ್ಲ.

ಮಲೆನಾಡಿನಲ್ಲಿ ಇಂಥ ಸಾಧನದ ನಿಜವಾದ ಪರೀಕ್ಷೆ ಕರೆಂಟು. ಕರೆಂಟು ಹೋಗಿ ಬಂದಾಗ ಬಲ್ಬು ಕ್ಷಣದಲ್ಲಿ ಎಚ್ಚರಗೊಳ್ಳುತ್ತದೆ, ಮೆಶ್ ಏಳಲು ಎರಡು ಮೂರು ನಿಮಿಷ ಬೇಕು. ಮೊದಲು ಎದ್ದ ಘಟಕಕ್ಕೆ ಬಲ್ಬುಗಳೆಲ್ಲ ಅಂಟಿಕೊಳ್ಳುತ್ತಿದ್ದವು. ಮೊಬೈಲಿನ ಹಾಗೆ ಅವು ಹತ್ತಿರದ ಘಟಕ ಹುಡುಕಿಕೊಂಡು ಹೋಗುವುದಿಲ್ಲ. ಓಣಿಯ ಬಲ್ಬು ಜಗುಲಿಯ ಘಟಕವನ್ನೇ ಹಿಡಿದುಕೊಂಡು ಸಿಗ್ನಲ್ ಇಲ್ಲದೆ ಒದ್ದಾಡುತ್ತಿತ್ತು. ಮೂರೂ ಘಟಕಗಳಿಗೂ ಇಂಟರ್ನೆಟ್ ತರುವ ಫೈಬರ್ ಪೆಟ್ಟಿಗೆಗೂ 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿದ ಮೇಲೆ ಇದು ಹೆಚ್ಚುಕಡಿಮೆ ನಿಂತಿತು. ಮೆಶ್‌ಗೆ ಅಪ್‌ಡೇಟ್ ಬಂದ ರಾತ್ರಿ ಮಾತ್ರ ಮತ್ತೆ ಆಗುತ್ತದೆ. ಬೆಳಿಗ್ಗೆ ಆ ಬಲ್ಬನ್ನು ಒಮ್ಮೆ ಆರಿಸಿ ಹಾಕಿದರೆ ಸರಿಹೋಗುತ್ತದೆ. ಇನ್ನೊಂದು ವಿಷಯ: ಕರೆಂಟು ಬಂದಾಗ ಬಲ್ಬು ಪೂರ್ತಿ ಪ್ರಖರವಾಗಿ ಹೊತ್ತಿಕೊಳ್ಳುವುದು ಕಾರ್ಖಾನೆಯ ಸೆಟ್ಟಿಂಗು. ನಡುರಾತ್ರಿ ಎರಡು ಗಂಟೆಗೆ ಮನೆಯೆಲ್ಲ ಹಗಲಾಗಿ ಅಮ್ಮ ಗಾಬರಿಯಿಂದ ಎದ್ದು ಕೂತಿದ್ದಳು. ಹಿಂದಿನ ಸ್ಥಿತಿಯನ್ನೇ ಉಳಿಸಿಕೊಳ್ಳುವ ಆಯ್ಕೆ ಆ್ಯಪ್‌ನಲ್ಲಿದೆ, ಮೊದಲ ದಿನವೇ ಅದನ್ನು ಆರಿಸಿಕೊಳ್ಳಿ.

ಗೋಡೆಯ ಸ್ವಿಚ್ಚಿನ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಅಲ್ಲಿ ಆರಿಸಿದರೆ ಬಲ್ಬಿಗೆ ವೈಫೈಯೂ ಇಲ್ಲ, ಏನೂ ಇಲ್ಲ. ಸ್ವಿಚ್ಚಿಗೆ ಟೇಪು ಅಂಟಿಸಿ ಎಂದು ಸಲಹೆ ಕೊಡುವವರಿದ್ದಾರೆ. ಐವತ್ತು ವರ್ಷ ಅದೇ ಸ್ವಿಚ್ಚನ್ನು ಕತ್ತಲಲ್ಲಿ ತಡವಿ ಹಾಕಿದ ಕೈಗೆ ಹಾಗೆ ಮಾಡಲು ನನಗೆ ಮನಸ್ಸಾಗಲಿಲ್ಲ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಆ ದಾರಿಯಲ್ಲಿ ಮೂರು ಹೋಲ್ಡರುಗಳನ್ನು ಬೇರೆಯಾಗಿ ಹಾಕಿಸಿದೆ. ಅವುಗಳ ಸ್ವಿಚ್ಚು ಮೇಲೆ, ಕೈಗೆ ಸಿಗದ ಎತ್ತರದಲ್ಲಿದೆ. ಹಳೆಯ ದೀಪ, ಹಳೆಯ ಸ್ವಿಚ್ಚು ಇದ್ದಲ್ಲೇ ಇವೆ.

ಕಳೆದ ಜುಲೈನಲ್ಲಿ ಮರ ಬಿದ್ದು ಫೈಬರ್ ಕಡಿದು ನಾಲ್ಕು ದಿನ ಇಂಟರ್ನೆಟ್ ಇರಲಿಲ್ಲ. ನಮ್ಮ ಬಲ್ಬುಗಳಲ್ಲಿ ವೇಳಾಪಟ್ಟಿ ಒಳಗೇ ಉಳಿಯುವುದರಿಂದ ಮೊದಲ ರಾತ್ರಿ ಹತ್ತಕ್ಕೆ ಸರಿಯಾಗಿ ಹೊತ್ತಿಕೊಂಡವು. ಎರಡನೆಯ ದಿನ ಕರೆಂಟು ಹೋಗಿ ಬಂತು. ಸಮಯ ಕೇಳಿ ತಿಳಿಯಲು ಇಂಟರ್ನೆಟ್ ಇಲ್ಲದೆ ಬಲ್ಬಿನ ಗಡಿಯಾರ ತಪ್ಪಿತು, ಆ ರಾತ್ರಿ ಓಣಿ ಕತ್ತಲಾಗಿಯೇ ಇತ್ತು. ನಾನು ಮನೆಯಲ್ಲಿದ್ದೆ, ಕೈಹಿಡಿದು ಕರೆದುಕೊಂಡು ಹೋದೆ. ಮರುದಿನವೇ ಸಾಗರಕ್ಕೆ ಹೋಗಿ, ನಡೆದಾಗ ತಾನೇ ಹೊತ್ತುವ ಬ್ಯಾಟರಿ ದೀಪವೊಂದನ್ನು ತಂದು ಮೆಟ್ಟಿಲ ಬಳಿ ಅಂಟಿಸಿದೆ. ವಯಸ್ಸಾದವರ ಹೆಜ್ಜೆಯನ್ನು ವೈಫೈ ಒಂದಕ್ಕೇ ಒಪ್ಪಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಖರ್ಚಿನ ಲೆಕ್ಕ: ಬಲ್ಬೊಂದಕ್ಕೆ ಆರುನೂರು ರೂಪಾಯಿಯ ಆಸುಪಾಸು. ಆರಿದಾಗಲೂ ವೈಫೈ ಕೇಳುತ್ತಿರಲು ಪ್ರತಿಯೊಂದೂ ಸ್ವಲ್ಪ ವಿದ್ಯುತ್ ಬಳಸುತ್ತದೆ; ಅರ್ಧ ವ್ಯಾಟ್ ಎಂದು ಹಿಡಿದರೆ ಹನ್ನೊಂದು ಬಲ್ಬಿಗೆ ತಿಂಗಳಿಗೆ ನಾಲ್ಕು ಯೂನಿಟ್. ಎರಡು ವರ್ಷದಲ್ಲಿ ಎರಡು ಬಲ್ಬು ಸತ್ತವು, ಎರಡೂ ಏಪ್ರಿಲ್‌ನ ಗುಡುಗು ಮಳೆಯಲ್ಲಿ. ಬದಲಿಗೆ ತಂದವು 2022ರಲ್ಲಿ ಬಂದ, ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಸಾಧನಗಳಿಗೆ ಸಾಮಾನ್ಯವಾದ ಮ್ಯಾಟರ್ ಎಂಬ ಮಾನದಂಡಕ್ಕೆ ಹೊಂದುವ ಬಲ್ಬುಗಳು. ಇವುಗಳಿಗೆ ಮೊಬೈಲು ಪಾಸ್‌ವರ್ಡನ್ನು ಬ್ಲೂಟೂತ್ ಮೂಲಕ ನೇರವಾಗಿ ಕೊಡುತ್ತದೆ. ಬಲ್ಬಿನ ಮೇಲಿನ ಸಂಕೇತವನ್ನು ಸ್ಕ್ಯಾನ್ ಮಾಡಿ, 2.4ರ ನೆಟ್‌ವರ್ಕನ್ನು ಆರಿಸಿದೆ. ಮೊಬೈಲು 5ರಲ್ಲಿಯೇ ಇತ್ತು, ಏಣಿಯಿಂದ ಇಳಿಯುವಷ್ಟರಲ್ಲಿ ಜೋಡಣೆ ಮುಗಿದಿತ್ತು. ಹೊಸದಾಗಿ ಕೊಳ್ಳುವವರು ಡಬ್ಬಿಯ ಮೇಲೆ ಬ್ಲೂಟೂತ್ ಜೋಡಣೆ ಇದೆಯೇ ಎಂದು ನೋಡಿ ಕೊಳ್ಳಿ. ಮೆಶ್ ಆರಿಸುವಾಗ 2.4ಕ್ಕೆ ಪ್ರತ್ಯೇಕ ನೆಟ್‌ವರ್ಕ್ ಕೊಡುತ್ತದೆಯೇ ಎಂದು ಕೇಳಿ. ಕೊಡದಿದ್ದರೆ ಬೇರೆಯದನ್ನು ನೋಡಿ.